ಒಂಬತ್ತು ಕಿಲೋ

ಬೈತಖೋಲದಲ್ಲಿ ಮೀನು ತೂಗುವ ಕೊಕ್ಕೆಗೆ
ಫ್ರೇಮು ನೇತುಹಾಕಿದೆವು, ನಾನೂ ಶಮಲಾಳೂ.
ಸುಶೀಲಕ್ಕ ಬುಟ್ಟಿ ಆಚೆ ನೂಕಿ
‘ಇದೆಂತದು, ತಿಮಿಂಗಿಲದ ಎಲುಬೋ?’ ಅಂದಳು.
ಹಳೆಯದು, ಉಕ್ಕಿನದು, ಇಪ್ಪತ್ತಮೂರು ಕಿಲೋ.
ಮಡಗಾಂವಿಂದ ಬಂದ ಅಲ್ಯೂಮಿನಿಯಂ ಹದಿನಾಲ್ಕು.
ಒಂಬತ್ತು ಕಿಲೋ ಕಮ್ಮಿ.
‘ಎರಡು ಇಸವಾಣ ಆಯ್ತು,’ ಅಂದಳು ಸುಶೀಲಕ್ಕ, ‘ತಲೆ ಸೇರಿ.’

ಶಮಲಾ ನಗಲಿಲ್ಲ. ಅವಳದು ಬೇರೆ ತಕ್ಕಡಿ.
ತಾನು ನಲವತ್ತೆಂಟು, ಹೆಲ್ಮೆಟ್ಟು ಒಂದೂವರೆ,
ಮೇಲೆ ಫೋಂಡ್ಯಾದಲ್ಲಿ ಬಿದ್ದ ಡರ್ಟ್ ಬೈಕಿಂದ ಕಳಚಿ ತಂದ
ನಾನ್ನೂರೈವತ್ತರ ಇಂಜಿನ್ನು.
ಅದು ನನ್ನ ಗ್ಯಾರೇಜಿನಲ್ಲಿ ಗೋಣಿಯ ಮೇಲೆ ಕೂತು
ಎಣ್ಣೆ ಸೋರುತ್ತ ಬಾಡಿಗೆಮನೆ ಹುಡುಕುತ್ತಿತ್ತು.

ಈ ಕ್ವಾಡು ಒಂದು ಕಾಲಕ್ಕೆ ದೇವಬಾಗದ ಮರಳಿನಲ್ಲಿ
ಪ್ರವಾಸಿಗರ ಮಕ್ಕಳನ್ನು ಹೊತ್ತು ಸುತ್ತಿದ್ದು,
ಐದು ನಿಮಿಷಕ್ಕೆ ನೂರೈವತ್ತು.
ಅಲೆಯಂಚಿಗೇ ಓಡಿಸು ಅನ್ನುವವರು,
ನೀರು ಚಿಮ್ಮಿದರೆ ಕೇಕೆ ಹಾಕುವವರು.
ನಾಲ್ಕು ವರ್ಷದ ಉಪ್ಪು ಕೊಳವೆಯೊಳಗೆ ಕೂತು ತಿಂದಿತು.
ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳ.

ಎರಡನೆಯ ಫ್ರೇಮು ಕೊಲ್ಹಾಪುರದ್ದು, ಹದಿನೈದೂವರೆ.
ಬಣ್ಣವಿಲ್ಲ, ಮೆರುಗಿಲ್ಲ, ಬೆಸುಗೆಯೆಲ್ಲ ಹೊರಗೇ,
ಬಂಗಡೆಯ ಬೆನ್ನಿನ ಪಟ್ಟೆಯ ಹಾಗೆ ಒಂದರ ಪಕ್ಕ ಒಂದು.
ಮಡಗಾಂವಿನದು ಕನ್ನಡಿ.
ಶಮಲಾ ಅದರಲ್ಲಿ ಮುಖ ನೋಡಿ ಹಣೆಯ ಗ್ರೀಸು ಒರೆಸಿಕೊಂಡಳು.
‘ಇದೇ,’ ಅಂದಳು. ‘ಒಂದೂವರೆ ಕಿಲೋ ನಾನು ಬಿಟ್ಟುಕೊಡೂದಿಲ್ಲ.’

ಅರಗಾದ ನೌಕಾನೆಲೆಯಲ್ಲಿ ಹನ್ನೊಂದು ವರ್ಷ
ಗುತ್ತಿಗೆಯ ಬೆಸುಗೆಗಾರನಾಗಿದ್ದೆ.
ಉಕ್ಕಿಗೆ ಬಾಯಿದೆ. ಬಾಗುತ್ತದೆ, ನರಳುತ್ತದೆ,
ಬಣ್ಣ ಉದುರಿಸಿ ಜಾಗ ತೋರಿಸುತ್ತದೆ.
ಅಲ್ಯೂಮಿನಿಯಂ ನನ್ನ ದೊಡ್ಡಪ್ಪ ಹೋದ ಹಾಗೆ ಹೋಗುತ್ತದೆ:
ಉಂಡು, ಕೈ ತೊಳೆದು, ಬಾಗಿಲಲ್ಲಿ.
ಒಂದು ಕೆಮ್ಮೂ ಇರಲಿಲ್ಲ.

ಕೆಂಪು ದ್ರವ ಬಳಿದೆ. ಕಾದೆ. ಒರೆಸಿದೆ.
ಮೇಲೆ ಬಿಳಿ ಪುಡಿ ಸಿಂಪಡಿಸಿದೆ.
ಹೊರಗೆ ಟ್ರಾಲರಿಗೆ ಐಸು ತುಂಬುವ ಸದ್ದು,
ಯಾರೋ ಯಾರಿಗೋ ಬಯ್ಯುವ ಸದ್ದು.
ಹಿಂದಿನ ತೋಳು ಕೂರುವ ಸಂದಿಯಲ್ಲಿ
ಬಿಳಿಯ ಮೇಲೆ ಒಂದು ಗೆರೆ ಎದ್ದಿತು,
ಕೆಂಪಗೆ, ಕೂದಲಿನಷ್ಟು, ಎರಡು ಉಗುರುದ್ದ.
ಬಿರುಕನ್ನು ಬೆಸೆದು, ಉಜ್ಜಿ, ಕನ್ನಡಿ ಮಾಡಿ ಮಾರಿದ್ದರು.
ಶಮಲಾ ತುಂಬ ಹೊತ್ತು ನೋಡಿದಳು.
‘ಅವನು ನನ್ನ ಜೊತೆ ಕೂತು ಚಹಾ ಕುಡಿದಿದ್ದ,’ ಅಂದಳು.

ಕೊಲ್ಹಾಪುರದ್ದಕ್ಕೂ ಅದೇ ಪರೀಕ್ಷೆ.
ಬಿಳಿ ಬಿಳಿಯಾಗೇ ಉಳಿಯಿತು.
ಆದರೆ ಇಂಜಿನ್ನಿನ ತೂತಿಗೂ ಫ್ರೇಮಿನ ತೂತಿಗೂ
ಹನ್ನೆರಡು ಮಿಲಿಮೀಟರ್ ಜಗಳ.
ಯಾರದೋ ಮದುವೆ ಕಾಗದದ ರಟ್ಟು ಕತ್ತರಿಸಿ ಅಳತೆ ಹಿಡಿದೆ,
ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಗಾಳದ ದಾರ ಎಳೆದು
ಚೈನಿನ ದಾರಿ ನೋಡಿದೆ.
ವಧೂವರರು ಮೂರು ಸಲ ಹಾಳಾದರು.
ನಾಲ್ಕನೆಯ ರಟ್ಟು ಕೂತಿತು.
ಎಂಟು ಮಿಲಿಮೀಟರ್ ತಗಡು ಅದರಂತೆ ಕೊಯ್ದೆ.

ನಮ್ಮ ಗಾಳಿಯಲ್ಲಿ ಉಕ್ಕಿನ ಬೋಲ್ಟು
ಅಲ್ಯೂಮಿನಿಯಂ ಮೈ ಮುಟ್ಟಬಾರದು.
ಮುಟ್ಟಿದಲ್ಲಿ ಬಿಳಿ ಹಿಟ್ಟು ಹುಟ್ಟುತ್ತದೆ.
ನೈಲಾನ್ ಬುಶ್ ತೊಡಿಸಿ, ಗ್ರೀಸು ಮೆತ್ತಿ, ಬಿಗಿದೆ.

‘ಏಳೂವರೆ,’ ಅಂದಳು ತನ್ನಷ್ಟಕ್ಕೆ. ‘ಅಡ್ಡಿಲ್ಲ.’
ಆಮೇಲೆ, ‘ಎಷ್ಟು ವರ್ಷ ಬಾಳೀತು?’
ಗೊತ್ತಿಲ್ಲ ಅಂದೆ. ಓಡಿಸಿ ಬಂದ ದಿನವೇ ಸಿಹಿನೀರಲ್ಲಿ ತೊಳಿ,
ಟಾರ್ಚು ಹಿಡಿದು ಇಲ್ಲಿ ನೋಡು ಅಂದೆ.
ಅವಳ ಬೆರಳು ಹಿಡಿದು ಆ ಸಂದಿಗೆ ಮುಟ್ಟಿಸಿದೆ.
ಅವಳು ಕಣ್ಣು ಮುಚ್ಚಿ ಬೆಸುಗೆಯ ಏರಿಳಿತ ಎಣಿಸಿದಳು,
ಹದಿನೇಳರ ತನಕ,
ಆಮೇಲೆ ಮತ್ತೆ ಮೊದಲಿಂದ.